ಸ್ವಾತಿ ಮಳೆ, 35 ಸೆಂಟ್ಸ್

2024ರ ಜುಲೈ 30ರ ರಾತ್ರಿ. ಎರಡು ಗಂಟೆ ದಾಟಿತ್ತು. ಅಡುಗೆಮನೆ ನೆಲದ ಮೇಲೆ, ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತು 14416ಕ್ಕೆ ಫೋನ್ ಮಾಡಿದೆ.

ಅವತ್ತು ಬೆಳಗಿನ ಜಾವ ವಯನಾಡಿನಲ್ಲಿ ಗುಡ್ಡ ಕುಸಿದಿತ್ತು. ಮುಂಡಕ್ಕೈ, ಚೂರಲ್‌ಮಲದಲ್ಲಿ ಮಲಗಿದ್ದವರು ಮಲಗಿದ್ದ ಹಾಗೇ ಕೊಚ್ಚಿಹೋಗಿದ್ದರು. ಅದಕ್ಕೆ ಎರಡು ವಾರ ಮೊದಲು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದಿತ್ತು. ನಮ್ಮ ಮನೆ ಇರುವುದು ಕೊಪ್ಪದ ಹತ್ತಿರ. ಹಿಂದೆ ಕಾಫಿ ಗುಡ್ಡ, ಮುಂದೆ ಅಡಿಕೆ ತೋಟ, ಅದರಾಚೆ ಹಳ್ಳ. ಅಪ್ಪ, ಅಮ್ಮ, ಅಜ್ಜಿ ಮೂವರೂ ಅಲ್ಲೇ ಇದ್ದಾರೆ. ಸಂಜೆ ಫೋನ್ ಮಾಡಿದಾಗ ಅಪ್ಪ "ಇಲ್ಲೇನೂ ಇಲ್ಲ ಮಗಾ, ಮಳೆ ಅಷ್ಟೇ" ಅಂದಿದ್ದರು. ಆ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

14416 ಅಂದರೆ ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲೂ ರಾತ್ರಿಯೂ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು.

ಆ ಕಡೆಯಿಂದ ಒಂದು ಹೆಣ್ಣು ದನಿ "ಹೇಳಿ ಮೇಡಂ" ಅಂತು. ಏನು ಹೇಳಬೇಕು ಅಂತಲೇ ತಿಳಿಯಲಿಲ್ಲ. ನನಗೆ ಕಾಯಿಲೆ ಇಲ್ಲ. ಮನೆಯಲ್ಲಿ ಜಗಳ ಇಲ್ಲ. ಸಾಲ ಇಲ್ಲ. ಕೊನೆಗೆ, "ಮುಂದೆ ಏನೂ ಉಳಿಯಲ್ಲ ಅನ್ಸುತ್ತೆ" ಅಂದೆ.

"ನಿಮಗಾ ಮೇಡಂ?"

"ಇಲ್ಲ. ಎಲ್ಲರಿಗೂ."

ಅಷ್ಟು ಹೇಳಿ ಅತ್ತುಬಿಟ್ಟೆ. ಆಕೆ ನಗಲಿಲ್ಲ. ಬುದ್ಧಿ ಹೇಳಲಿಲ್ಲ. ಊಟ ಮಾಡಿದ್ರಾ, ಪಕ್ಕದಲ್ಲಿ ಯಾರಿದ್ದಾರೆ, ನಿಮಗೇ ಏನಾದರೂ ಮಾಡಿಕೊಳ್ಳೋ ಯೋಚನೆ ಬಂದಿದೆಯಾ ಅಂತ ಒಂದೊಂದಾಗಿ ಕೇಳಿದರು. ಅಂಥ ಯೋಚನೆ ಬಂದಿರಲಿಲ್ಲ. ನಿದ್ದೆ ಹೋಗಿ ಎಷ್ಟು ದಿನ ಆಯ್ತು ಅಂತ ಕೇಳಿದಾಗ ಲೆಕ್ಕ ಹಾಕಿ ನೋಡಿದೆ. ಒಂದು ವರ್ಷದ ಮೇಲಾಗಿತ್ತು.

ಶುರುವಾಗಿದ್ದು 2023ರ ಮೇ ಕೊನೆಯಲ್ಲಿ. ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಿ ಮುರಿಯುತ್ತದೆ ಅಂತ ಹುಡುಕುವುದು ನನ್ನ ಕೆಲಸ. ಹದಿಮೂರು ವರ್ಷದಿಂದ ಅದನ್ನೇ ಮಾಡಿದ್ದೇನೆ. ಮೇ 30ರಂದು ಒಂದೇ ವಾಕ್ಯದ ಒಂದು ಹೇಳಿಕೆ ಬಂತು. ಎಐನಿಂದ, ಅಂದರೆ ಕೃತಕ ಬುದ್ಧಿಮತ್ತೆಯಿಂದ, ಮನುಷ್ಯಕುಲವೇ ಅಳಿದುಹೋಗುವ ಅಪಾಯ ಇದೆ, ಅದನ್ನು ತಗ್ಗಿಸುವ ಕೆಲಸವನ್ನು ಮಹಾಮಾರಿ, ಅಣುಯುದ್ಧಗಳಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು ಅನ್ನುವುದು ಅದರ ಸಾರ. ಸಹಿ ಹಾಕಿದವರಲ್ಲಿ ಎಐ ತಯಾರು ಮಾಡುತ್ತಿರುವ ದೊಡ್ಡ ಕಂಪನಿಗಳ ಮುಖ್ಯಸ್ಥರೇ ಇದ್ದರು. ಅದೇ ತಿಂಗಳು ಜೆಫ್ರಿ ಹಿಂಟನ್ ಗೂಗಲ್ ಬಿಟ್ಟಿದ್ದರು. ಈ ವಿದ್ಯೆಗೆ ತಳಪಾಯ ಹಾಕಿದವರಲ್ಲಿ ಅವರೊಬ್ಬರು. ಈಗ ಅವರೇ ಎಚ್ಚರಿಕೆ ಅಂತಿದ್ದರು.

ಆಫೀಸಿನಲ್ಲಿ ಅವತ್ತು ಮಧ್ಯಾಹ್ನ ಇದರ ಬಗ್ಗೆ ಐದು ನಿಮಿಷ ಮಾತಾಯಿತು. ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋದರು. ನನಗೆ ಹೋಗಲು ಆಗಲಿಲ್ಲ.

ನಾನು ಮಾಡಿದ ಮೊದಲ ಕೆಲಸ, ಇನ್ನೂ ಜಾಸ್ತಿ ಓದಿದ್ದು. ತಿಳಿದುಕೊಂಡರೆ ಭಯ ಕಡಿಮೆಯಾಗುತ್ತದೆ ಅಂತ ನಂಬಿದ್ದೆ. ನನ್ನ ಕೆಲಸದಲ್ಲಿ ಅದು ನಿಜ. ದೋಷ ಎಲ್ಲಿದೆ ಅಂತ ಗೊತ್ತಾದ ಕೂಡಲೇ ಅರ್ಧ ನೆಮ್ಮದಿ. ಇಲ್ಲಿ ಹಾಗಾಗಲಿಲ್ಲ. ಹಿಂಟನ್, ಯೋಶುವಾ ಬೆಂಜಿಯೋ, ಯಾನ್ ಲೆಕುನ್ ಮೂವರೂ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2018ರ ಸಾಲಿಗೆ ಹಂಚಿಕೊಂಡವರು. ಅವರಲ್ಲಿ ಇಬ್ಬರು ಅಪಾಯ ಇದೆ ಅಂತಾರೆ. ಮೂರನೆಯವರು ಈ ಭಯ ಅತಿಯಾಯ್ತು ಅಂತಾರೆ. ಅಷ್ಟು ಬಲ್ಲವರೇ ಒಪ್ಪದಿದ್ದ ಮೇಲೆ ನಾನು ರಾತ್ರಿ ಒಂದು ಗಂಟೆಗೆ ಮೊಬೈಲ್ ಹಿಡಿದು ಏನು ತೀರ್ಮಾನ ಮಾಡಲಿ? ಆದರೂ ಬಿಡಲಿಲ್ಲ. ಎಐನಿಂದ ಅಣ್ವಸ್ತ್ರಕ್ಕೆ, ಅಲ್ಲಿಂದ ಹವಾಮಾನಕ್ಕೆ ಹೋದೆ. ಒಂದು ಭಯದ ತುದಿ ಹಿಡಿದರೆ ಇನ್ನೊಂದು ಬರುತ್ತಿತ್ತು.

ಆ ವರ್ಷ ಮಳೆಯೂ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. 2024ರ ಮಾರ್ಚ್ ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟಿನ ಎರಡೂ ಬೋರ್‌ವೆಲ್ ಬತ್ತಿದವು. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಒಣಗಿವೆ ಅಂತ ಸರ್ಕಾರವೇ ಹೇಳಿತು. ಬೆಳಗ್ಗೆ ಎದ್ದು ಟ್ಯಾಂಕರ್ ಬಂತಾ ಅಂತ ಬಾಲ್ಕನಿಯಿಂದ ನೋಡುವುದು, ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಟಾಯ್ಲೆಟ್ಟಿಗೆ ಹಾಕುವುದು. ಇದನ್ನೆಲ್ಲ ಎಷ್ಟೋ ಮನೆಗಳು ವರ್ಷಪೂರ್ತಿ ಮಾಡುತ್ತವೆ, ನನಗೆ ಗೊತ್ತು. ಆದರೆ ನನ್ನ ತಲೆಯಲ್ಲಿ ಆ ಬಕೆಟ್ ಬರೀ ಬಕೆಟ್ ಆಗಿ ಉಳಿದಿರಲಿಲ್ಲ. ಮುಂದೆ ಬರಲಿರುವ ಎಲ್ಲದಕ್ಕೂ ಅದೇ ಸಾಕ್ಷಿ ಅನ್ನಿಸುತ್ತಿತ್ತು.

ಅದೇ ತಿಂಗಳು ಒಂದು ರಾತ್ರಿ ನನ್ನ ಗಂಡನಿಗೆ ಹೇಳಿದೆ, "ಮಗು ಬೇಡ." ಎರಡು ವರ್ಷದಿಂದ ಮಾತಾಡಿಕೊಂಡು ಬಂದಿದ್ದ ವಿಷಯ. ಅವನು ತುಂಬಾ ಹೊತ್ತು ಸುಮ್ನಿದ್ದ. ಆಮೇಲೆ, "ಬೇಡ ಅಂದ್ರೆ ಬೇಡ. ಆದ್ರೆ ನೀನು ಹೇಳ್ತಿರೋದಾ, ನಿನ್ನ ಮೊಬೈಲ್ ಹೇಳ್ತಿರೋದಾ?" ಅಂದ. ಸಿಟ್ಟು ಬಂತು. ಮೂರು ದಿನ ಮಾತಾಡಲಿಲ್ಲ.

ನಡುವೆ ಸುದ್ದಿ ನೋಡುವುದನ್ನು ಪೂರ್ತಿ ಬಿಟ್ಟೂ ನೋಡಿದೆ. ಒಂಬತ್ತು ದಿನ. ಹತ್ತನೇ ದಿನ ಲಿಫ್ಟಿನಲ್ಲಿ ಯಾರೋ ಏನೋ ಅಂದರು. ಎಲ್ಲ ಒಟ್ಟಿಗೆ ವಾಪಸ್ ಬಂತು.

ಜುಲೈ ಕೊನೆಯ ಆ ಫೋನ್ ಆದ ಮೇಲೆ ವಾರಕ್ಕೊಮ್ಮೆ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಹೋಗತೊಡಗಿದೆ. ಐವತ್ತು ದಾಟಿದ ಹೆಂಗಸು. ಮೊದಲ ದಿನವೇ ಎರಡು ಕೆಲಸ ಕೊಟ್ಟರು. ಒಂದು, ಚಿಂತೆಗೆ ಹೊತ್ತು ಗೊತ್ತು ಮಾಡುವುದು. ದಿನಾ ಸಂಜೆ ಆರೂವರೆಯಿಂದ ಇಪ್ಪತ್ತು ನಿಮಿಷ, ಒಂದೇ ಜಾಗದಲ್ಲಿ ಕೂತು, ಬೇಕಾದಷ್ಟು ಚಿಂತೆ ಮಾಡಬಹುದು. ಬೇರೆ ಹೊತ್ತಿನಲ್ಲಿ ಬಂದರೆ ಒಂದು ಚೀಟಿಯಲ್ಲಿ ಬರೆದಿಟ್ಟು, ಆರೂವರೆಗೆ ಬಾ ಅನ್ನಬೇಕು. ಇನ್ನೊಂದು, ನಾಲ್ಕು ಕಾಲಂ ಹಾಕಿದ ಒಂದು ನೋಟ್‌ಬುಕ್. ದಿನಾಂಕ. ಏನಾಗುತ್ತೆ ಅಂತ ಭಯ. ಅದು ನಿಜವೋ ಅಲ್ಲವೋ ಯಾವತ್ತು ಗೊತ್ತಾಗುತ್ತೆ. ಅಲ್ಲಿತನಕ ನನ್ನ ಕೈಲೇನಿದೆ.

ಕೇಳಲು ತುಂಬಾ ಸಣ್ಣ ಉಪಾಯ ಅನ್ನಿಸುತ್ತದೆ, ಅಲ್ವಾ? ಮೊದಲ ಎರಡು ವಾರ ಒಂಚೂರೂ ಹಿಡಿತಕ್ಕೆ ಬರಲಿಲ್ಲ. ಆರೂವರೆಗೆ ಕೂತರೆ ಏನೂ ನೆನಪಾಗುತ್ತಿರಲಿಲ್ಲ, ರಾತ್ರಿ ಎರಡಕ್ಕೆ ಎಲ್ಲ ಬರುತ್ತಿತ್ತು. ಆದರೂ ಚೀಟಿ ಬರೆಯುವುದನ್ನು ಬಿಡಲಿಲ್ಲ. ಮೂರನೇ ವಾರ ಒಂದು ರಾತ್ರಿ ಎಚ್ಚರವಾಯಿತು, ಚೀಟಿ ಬರೆದೆ, ಹಾಗೇ ನಿದ್ದೆ ಹತ್ತಿತು. ಬೆಳಗ್ಗೆ ನೋಡಿದರೆ ನನ್ನ ಅಕ್ಷರ ನನಗೇ ಓದಲು ಬರಲಿಲ್ಲ. ಏನು ಬರೆದಿದ್ದೆನೋ ಇವತ್ತಿಗೂ ಗೊತ್ತಿಲ್ಲ.

ಕಷ್ಟ ಇದ್ದದ್ದು ಮೂರನೇ ಕಾಲಂನಲ್ಲಿ. "2025ರ ಮಾರ್ಚ್‌ಗೆ ಬೆಂಗಳೂರಿನಲ್ಲಿ ಕುಡಿಯಲು ನೀರಿರಲ್ಲ" ಅಂತ ಬರೆದಿದ್ದೆ. ಅದಕ್ಕೆ ದಿನಾಂಕ ಇದೆ. "ಮೂರು ತಿಂಗಳಲ್ಲಿ ನನ್ನ ಕೆಲಸ ಹೋಗುತ್ತೆ", ಅದಕ್ಕೂ ಇದೆ. ಆದರೆ "ಮನುಷ್ಯರು ಉಳಿಯಲ್ಲ" ಅನ್ನುವುದರ ಮುಂದೆ ಯಾವ ದಿನಾಂಕ ಹಾಕಲಿ? ಆ ಜಾಗ ಖಾಲಿಯೇ ಇತ್ತು. ಒಂದು ದಿನ ಕೇಳಿಯೇಬಿಟ್ಟೆ. "ಮೇಡಂ, ಇದು ಸುಳ್ಳು ಭಯ ಅಲ್ವಲ್ಲ. ನನಗೆ ಜಿರಲೆ ಕಂಡ್ರೆ ಹೆದರಿಕೆ ಅಂದ್ರೆ ನೀವು ಬಿಡಿಸಬಹುದು. ಇದು ದೊಡ್ಡ ದೊಡ್ಡ ವಿಜ್ಞಾನಿಗಳೇ ಹೇಳ್ತಿರೋದು. ಇದನ್ನ ಹೇಗೆ ಬಿಡಿಸ್ತೀರಿ?"

ಅವರು ಹೇಳಿದ್ದು: "ನಿಜವಾದ ಅಪಾಯ ಇರಬಹುದಮ್ಮ. ಅದನ್ನ ಇಲ್ಲ ಅನ್ನೋಕೆ ನಾನು ಯಾರು? ಆದ್ರೆ ನಿಮ್ಮ ನೋಟ್‌ಬುಕ್ ನೋಡಿ. ಗೊತ್ತಿಲ್ಲ ಅಂತ ಬರೀಬೇಕಾದ ಕಡೆಯೆಲ್ಲ ಆಗುತ್ತೆ ಅಂತ ಬರ್ದಿದೀರಿ."

ತೆಗೆದು ನೋಡಿದೆ. ನಲವತ್ತೊಂದು ಸಾಲುಗಳಿದ್ದವು. ಒಂದರಲ್ಲೂ "ಆಗಬಹುದು" ಅನ್ನುವ ಪದ ಇರಲಿಲ್ಲ. ಹದಿಮೂರು ವರ್ಷ ಟೆಸ್ಟಿಂಗ್ ಮಾಡಿದವಳು ನಾನು. ಪರೀಕ್ಷೆ ಮಾಡದೆ ಯಾವುದನ್ನೂ ಫೇಲ್ ಅಂತ ಬರೆಯುವ ಹಾಗಿಲ್ಲ, ಪಾಸ್ ಅಂತಲೂ ಬರೆಯುವ ಹಾಗಿಲ್ಲ. "ಇನ್ನೂ ನಡೆಸಿಲ್ಲ" ಅಂತ ಒಂದು ಮೂರನೇ ಗುರುತು ಇದ್ದೇ ಇರುತ್ತದೆ. ನನ್ನ ಭಯಗಳ ಪಟ್ಟಿಯಲ್ಲಿ ಆ ಮೂರನೆಯದನ್ನೇ ಬಿಟ್ಟುಬಿಟ್ಟಿದ್ದೆ. ಆ ಸಂಜೆ ಕೂತು ನಲವತ್ತೊಂದು ಸಾಲನ್ನೂ ತಿದ್ದಿದೆ. ಬರೀ ಕ್ರಿಯಾಪದ ತಿದ್ದಿದ್ದು. ಕೈ ನಡುಗುತ್ತಿತ್ತು.

ಇಷ್ಟರಿಂದ ನಿದ್ದೆ ಬಂತು. ನೆಮ್ಮದಿ ಬಂತು ಅಂತ ಹೇಳಲಾರೆ. ಅದಕ್ಕೆ ದೀಪಾವಳಿವರೆಗೆ ಕಾಯಬೇಕಾಯಿತು.

ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ಅಟ್ಟ ಗುಡಿಸುತ್ತಿದ್ದರು. ಒಂದು ಟ್ರಂಕ್ ಕೆಳಗಿಳಿಸಲು ನನ್ನನ್ನು ಕರೆದರು. ಅದರ ತುಂಬ ಅಜ್ಜನ ಮಳೆ ಪುಸ್ತಕಗಳು.

ಮಲೆನಾಡಿನ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಇದೆ. ಅಂಗಳದ ಬಯಲಲ್ಲಿ ಒಂದು ತಗಡಿನ ಡಬ್ಬ ಹೂತಿರುತ್ತದೆ. ಮೇಲೆ ಆಲಿಕೆ, ಒಳಗೆ ಬಾಟಲಿ. ಬೆಳಗ್ಗೆ ಕಾಫಿ ಕುಡಿದು, ಬಾಟಲಿಯ ನೀರನ್ನು ಗೆರೆ ಇರುವ ಅಳತೆ ಗಾಜಿಗೆ ಸುರಿದು ನೋಡುವುದು. ಈಗ ಸರ್ಕಾರಿ ಲೆಕ್ಕ ಮಿಲಿಮೀಟರಿನಲ್ಲಿ. ನಮ್ಮ ಕಡೆ ಇವತ್ತಿಗೂ ಇಂಚು, ಸೆಂಟ್ಸ್. ಇಂಚಿಗೆ ನೂರು ಸೆಂಟ್ಸ್. "ನಿಮ್ಮಲ್ಲೆಷ್ಟು?" ಅಂತ ಬೆಳಗ್ಗೆ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುವುದು ಇದನ್ನೇ. ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಬಂತೋ ಅರ್ಧ ಬಂತೋ ಅನ್ನುವುದರ ಮೇಲೆ ಆ ವರ್ಷದ ಕಾಫಿ ನಿಂತಿರುತ್ತದೆ.

ಅಜ್ಜ 1958ರಿಂದ ಬರೆದಿದ್ದರು. ಉದ್ದನೆಯ ಲೆಕ್ಕದ ಪುಸ್ತಕ. ದಿನಾಂಕ, ಮಳೆ ನಕ್ಷತ್ರ, ಎಷ್ಟು, ಕೊನೆಯಲ್ಲಿ ಒಂದೇ ಸಾಲು ಟಿಪ್ಪಣಿ. 1994ರ ಜುಲೈನಲ್ಲಿ ಅಜ್ಜ ತೀರಿಕೊಂಡ ದಿನವೂ ಮಳೆ ಬರೆದಿದೆ. ಅಕ್ಷರ ಅಜ್ಜಿಯದು. ಆಮೇಲಿಂದ ಅಪ್ಪನದು.

ಸುಮ್ನೆ ಪುಟ ತಿರುವುತ್ತಿದ್ದಾಗ 1962ರ ಫೆಬ್ರವರಿ ಸಿಕ್ಕಿತು. 3, 4, 5, ಮೂರೂ ದಿನ ಮಳೆ ಸೊನ್ನೆ. 5ನೇ ತಾರೀಕಿನ ಮುಂದೆ ಅಜ್ಜ ಬರೆದಿದ್ದರು: "ಅಷ್ಟಗ್ರಹ. ಏನೂ ಆಗಲಿಲ್ಲ. ಆಳು ಬಂದಿಲ್ಲ. ಕಾಫಿ ಕೊಯ್ಲು ಬಾಕಿ."

ಏನಿದು ಅಂತ ಅಜ್ಜಿಯನ್ನು ಕೇಳಿದೆ. ಅಜ್ಜಿಗೆ ಆಗ ಎಂಬತ್ತೆರಡು. ಜಗಲಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. "ಓ ಅದಾ, ಲೋಕ ಮುಳುಗುತ್ತೆ ಅಂದಿದ್ರಲ್ಲ" ಅಂದರು.

ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ಕೇತು, ಎಂಟೂ ಮಕರ ರಾಶಿಯಲ್ಲಿ ಸೇರಿದ್ದವು. ಪ್ರಳಯ ಆಗುತ್ತದೆ ಅಂತ ದೇಶದ ತುಂಬ ಹೆದರಿಕೆ. ಎಲ್ಲೆಲ್ಲೂ ಹೋಮ, ಯಜ್ಞ. ನಮ್ಮೂರಿನಲ್ಲೂ ದೇವಸ್ಥಾನದಲ್ಲಿ ಮೂರು ದಿನ ಜಪ ನಡೆಯಿತಂತೆ. ಕೆಲವರು ಮನೆಯೊಳಗೆ ಮಲಗದೆ ಗದ್ದೆ ಬಯಲಲ್ಲಿ ಚಾಪೆ ಹಾಸಿದರಂತೆ. ಪಕ್ಕದ ಮನೆಯವರು, ಇನ್ನು ಯಾಕೆ ಇಟ್ಟುಕೊಳ್ಳೋದು ಅಂತ, ಮಗಳ ಮದುವೆಗೆ ಕೂಡಿಟ್ಟ ಬೆಲ್ಲ, ತುಪ್ಪವನ್ನೆಲ್ಲ ಹಂಚಿಬಿಟ್ಟರಂತೆ.

"ನೀವು ಹೆದರಿರಲಿಲ್ವಾ ಅಜ್ಜಿ?"

"ಹೆದರದೆ ಏನು? ನಿಮ್ಮಪ್ಪ ಹೊಟ್ಟೇಲಿದ್ದ, ಏಳು ತಿಂಗಳು. ನಂಗೆ ಇಪ್ಪತ್ತು ವರ್ಷ. ಲೋಕದ್ದಲ್ಲ ಮಗಾ, ನಂಗೆ ಹೆದರಿಕೆ ಹೆರಿಗೆದು. ನನ್ನ ಅಕ್ಕ ಹೆರಿಗೇಲೇ ಹೋಗಿದ್ಲು."

ಕೈ ನಿಲ್ಲಿಸದೆ ಹೇಳಿದರು. ಬತ್ತಿ ಹೊಸೆಯುವುದು ನಡೆದೇ ಇತ್ತು. ನನಗೆ ಆಮೇಲೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ನಾನು ಮಗು ಬೇಡ ಅಂದ ವಿಷಯ ಅಜ್ಜಿಗೆ ಗೊತ್ತಿರಲಿಲ್ಲ.

ರಾತ್ರಿ ಅದೇ ಪುಸ್ತಕ ಹಾಸಿಗೆ ಪಕ್ಕ ಇಟ್ಟುಕೊಂಡು ಓದಿದೆ. 1962ರ ಅಕ್ಟೋಬರ್‌ಗೆ ಬಂದಾಗ ಎದ್ದು ಕೂತೆ. ಅಕ್ಟೋಬರ್ 27, ಶನಿವಾರ. ಅಜ್ಜ ಬರೆದಿದ್ದು ಇಷ್ಟು: "ಸ್ವಾತಿ. 35 ಸೆಂಟ್ಸ್. ಪೇಟೆಯಲ್ಲಿ ರೇಡಿಯೋ ಕೇಳಿದೆ. ಚೀನಾ ಮುಂದೆ ಬರುತ್ತಿದೆ."

ಆ ತಾರೀಕು ನನಗೆ ಬಾಯಿಪಾಠ. ಭಯ ಹತ್ತಿದ ಆ ವರ್ಷ ಓದಿದ್ದು ಅದನ್ನೇ ಅಲ್ವಾ. ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಅಣುಯುದ್ಧದ ಅಂಚಿಗೆ ಬಂದಿದ್ದ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಅತಿ ಅಪಾಯದ ದಿನ ಅದು. ಬಿ-59 ಅನ್ನುವ ಸೋವಿಯತ್ ಜಲಾಂತರ್ಗಾಮಿ ಕ್ಯೂಬಾ ಕಡೆಯ ಸಮುದ್ರದಲ್ಲಿ ಮುಳುಗಿ ಕೂತಿತ್ತು. ಒಳಗೆ ತಡೆಯಲಾರದ ಸೆಕೆ. ಮಾಸ್ಕೋ ಜೊತೆ ಸಂಪರ್ಕ ಇಲ್ಲ. ಮೇಲೆ ಬಾ ಅನ್ನುವ ಸೂಚನೆಯಾಗಿ ಅಮೆರಿಕದ ಹಡಗುಗಳು ಸಣ್ಣ ಸಿಡಿಗುಂಡು ಹಾಕುತ್ತಿದ್ದವು. ಒಳಗಿದ್ದವರಿಗೆ ಯುದ್ಧವೇ ಶುರುವಾಯಿತೇನೋ ಅನ್ನಿಸಿತು. ಅದರಲ್ಲಿ ಅಣುಬಾಂಬಿನ ಒಂದು ಟಾರ್ಪಿಡೊ ಇತ್ತು. ಕ್ಯಾಪ್ಟನ್ ಅದನ್ನು ಸಿದ್ಧ ಮಾಡಿ ಅಂದ. ಜೊತೆಗಿದ್ದ ಹಿರಿಯ ಅಧಿಕಾರಿ ವಾಸಿಲಿ ಆರ್ಖಿಪೊವ್ ಒಪ್ಪಲಿಲ್ಲ. ಸಮಾಧಾನ ಮಾಡಿ ಮೇಲೆ ಹೋಗೋಣ ಅಂದ. ಹೋದರು. ಈ ವಿಷಯ ಹೊರಗಿನ ಲೋಕಕ್ಕೆ ಸರಿಯಾಗಿ ಗೊತ್ತಾಗಿದ್ದು 2002ರಲ್ಲಿ, ನಲವತ್ತು ವರ್ಷ ಆದ ಮೇಲೆ.

ಒಂದೇ ವರ್ಷ. ಒಂದೇ ಪುಸ್ತಕ. ಫೆಬ್ರವರಿಯಲ್ಲಿ ಊರೇ ಬಯಲಲ್ಲಿ ಮಲಗಿತ್ತು, ಆಗ ಯಾವ ಅಪಾಯವೂ ಇರಲಿಲ್ಲ. ಅಕ್ಟೋಬರ್‌ನಲ್ಲಿ ಎಲ್ಲರೂ ಮನೆಯೊಳಗೆ ಹೊದ್ದು ಮಲಗಿದ್ದರು. ಚೀನಾ ಬಗ್ಗೆ ಚಿಂತೆ ಇತ್ತು ನಿಜ. ಆದರೆ ಅವತ್ತು ರಾತ್ರಿ ಪ್ರಪಂಚ ಎಷ್ಟು ಅಂಚಿಗೆ ಹೋಗಿ ಬಂತು ಅಂತ ಯಾರಿಗೂ ತಿಳಿದಿರಲಿಲ್ಲ. ಅಪ್ಪನಿಗೆ ಆಗ ಆರು ತಿಂಗಳು. ತೊಟ್ಟಿಲಲ್ಲಿದ್ದರು.

ಇದನ್ನು ಓದಿದರೆ ಭಯ ಜಾಸ್ತಿಯಾಗಬೇಕಿತ್ತು. ನನ್ನ ಗಂಡ ಹಾಗೇ ಅಂದ. ನನಗೆ ಆದದ್ದು ಬೇರೆ. ನನ್ನ ಎದೆ ಹೊಡೆದುಕೊಳ್ಳುವುದನ್ನು ನಾನು ಇಷ್ಟು ದಿನ ಮಳೆ ಡಬ್ಬದ ಹಾಗೆ ನಂಬಿದ್ದೆ. ಜಾಸ್ತಿ ಹೊಡೆದುಕೊಂಡರೆ ಅಪಾಯ ಜಾಸ್ತಿ ಅಂತ. ಅದು ಅಳತೆ ಗಾಜೇ ಅಲ್ಲ ಅಂತ ಅವತ್ತು ರಾತ್ರಿ ಕಂಡಿತು. ನಾನು ಎಷ್ಟು ಹೆದರುತ್ತೇನೆ ಅನ್ನುವುದಕ್ಕೂ ಮುಂದೆ ಏನಾಗುತ್ತದೆ ಅನ್ನುವುದಕ್ಕೂ ಸಂಬಂಧ ಇಲ್ಲ. ನಾನು ಹೆದರುತ್ತಾ ಎಚ್ಚರ ಇದ್ದರೆ ಯಾರನ್ನೂ ಕಾದ ಹಾಗಾಗಲಿಲ್ಲ. ಹೀಗೊಂದು ಭ್ರಮೆ ನನ್ನೊಳಗೆ ಇತ್ತು ಅಂತ ಒಪ್ಪಿಕೊಳ್ಳಲು ಕಷ್ಟವಾಯಿತು. ನಾನು ನಿದ್ದೆ ಮಾಡಿದರೆ ಏನೋ ಕೆಟ್ಟದ್ದಾಗುತ್ತದೆ ಅಂತ ನಿಜವಾಗಿಯೂ ಅನ್ನಿಸುತ್ತಿತ್ತು.

ಅವತ್ತು ಏಳು ಗಂಟೆ ನಿದ್ದೆ ಮಾಡಿದೆ.

ಮಳೆ ಪುಸ್ತಕಗಳನ್ನು ಬೆಂಗಳೂರಿಗೆ ತಂದೆ. ಆರೂವರೆಯ ಇಪ್ಪತ್ತು ನಿಮಿಷದಲ್ಲಿ ಚಿಂತೆ ಮುಗಿದರೆ, ಉಳಿದ ಹೊತ್ತಿನಲ್ಲಿ ಒಂದೊಂದೇ ತಿಂಗಳು ಕಂಪ್ಯೂಟರಿಗೆ ಹಾಕುತ್ತಾ ಹೋದೆ. ಅರುವತ್ತಾರು ವರ್ಷ. ಅಪ್ಪ ಮೊದಲು, "ಎಂತಕ್ಕೆ ಅದೆಲ್ಲ?" ಅಂದರು. ಆಮೇಲೆ ಅವರೇ ದಿನಾ ಫೋನ್ ಮಾಡಿ ಅಕ್ಷರ ಬಿಡಿಸಿ ಹೇಳತೊಡಗಿದರು. ಗ್ರಾಫ್ ಬಂದಾಗ ಅದರಲ್ಲಿ ಸಮಾಧಾನದ ಸಂಗತಿ ಇರಲಿಲ್ಲ. ವರ್ಷದ ಒಟ್ಟು ಮಳೆ ಏರುತ್ತಾ ಇಳಿಯುತ್ತಾ ಇದೆ. ಆದರೆ ನಮ್ಮ ಅಂಗಳದಲ್ಲಿ ಮಳೆ ಬೀಳುವ ದಿನಗಳು ಕಡಿಮೆಯಾಗಿವೆ, ಒಂದೇ ದಿನ ಐದಾರು ಇಂಚು ಸುರಿಯುವುದು ಹೆಚ್ಚಾಗಿದೆ. ಒಂದು ಮನೆಯ ಲೆಕ್ಕ ಇದು, ಇದರಿಂದ ಲೋಕದ ಮಾತು ಹೇಳಲಾಗದು. ನಮ್ಮ ಮನೆಯ ಮಾತು ಹೇಳಬಹುದು. ಜನವರಿಯಲ್ಲಿ ಅಪ್ಪ ಆಳು ಕರೆಸಿ ಮನೆ ಹಿಂದಿನ ಗುಡ್ಡದ ಬಸಿಗಾಲುವೆಗಳನ್ನು ಅಗಲ ಮಾಡಿಸಿದರು. ನೀರು ಗುಡ್ಡದೊಳಗೆ ನಿಲ್ಲದೆ ಹಳ್ಳಕ್ಕೆ ಹೋಗಲಿ ಅಂತ. ಪಕ್ಕದ ಎರಡು ಮನೆಯವರೂ ಸೇರಿಕೊಂಡರು. ನೋಟ್‌ಬುಕ್ಕಿನ ನಾಲ್ಕನೇ ಕಾಲಂನಲ್ಲಿ ನಾನು ಬರೆದ ಮೊದಲ ನಿಜವಾದ ಕೆಲಸ ಅದು.

ಎಐ ಬಗ್ಗೆ ಆ ಕಾಲಂ ಖಾಲಿಯೇ ಇತ್ತು. ನನ್ನಂಥವಳ ಕೈಲಿ ಏನಿದೆ? 2024ರ ಡಿಸೆಂಬರ್‌ನಲ್ಲಿ ಹಿಂಟನ್ ಮತ್ತೆ ಸುದ್ದಿಯಲ್ಲಿದ್ದರು. ಮುಂದಿನ ಮೂವತ್ತು ವರ್ಷದಲ್ಲಿ ಎಐನಿಂದ ಮನುಷ್ಯಕುಲಕ್ಕೆ ಕೊನೆ ಬರುವ ಸಾಧ್ಯತೆ ನೂರಕ್ಕೆ 10ರಿಂದ 20 ಅಂದಿದ್ದರು. ಚೀಟಿ ಬರೆದು ಆರೂವರೆಗೆ ಇಟ್ಟೆ.

2025ರ ಫೆಬ್ರವರಿಯಲ್ಲಿ ನಮ್ಮ ತಂಡಕ್ಕೆ ಒಂದು ಎಐ ಸಹಾಯಕ ಪರೀಕ್ಷೆಗೆ ಬಂತು. ರೈತರು ಕನ್ನಡದಲ್ಲಿ ಕೇಳಿದರೆ ಬೆಳೆ, ರೋಗ, ಔಷಧಿ ಬಗ್ಗೆ ಉತ್ತರ ಕೊಡುವಂಥದ್ದು. ನಾನೇ ಕೇಳಿ ಅದನ್ನು ತೆಗೆದುಕೊಂಡೆ. ಮೊದಲ ದಿನ ನನಗೆ ಚೆನ್ನಾಗಿ ಗೊತ್ತಿರುವುದನ್ನೇ ಕೇಳಿದೆ. ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು ಹೇಗೆ?

ಮಳೆಗಾಲ ಶುರುವಾಗುವ ಮುಂಚೆ ನಮ್ಮ ಅಂಗಳದಲ್ಲಿ ಪ್ರತಿ ವರ್ಷ ನಡೆಯುವ ಕೆಲಸ ಅದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸುವುದು. ಬಣ್ಣ ಆಕಾಶದ ಹಾಗೆ ಬರಬೇಕು. ಸರಿಯಾಯಿತಾ ಅಂತ ನೋಡಲು ಅಪ್ಪ ಕತ್ತಿಯ ಅಲಗನ್ನು ಅದ್ದಿ ಹಿಡಿಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಚಿಕ್ಕಂದಿನಲ್ಲಿ ಆ ಕತ್ತಿ ನೋಡಿ "ಬಿಳೀದಿದೆ ಅಪ್ಪಾ" ಅಂತ ಕೂಗುವುದು ನನ್ನ ಕೆಲಸವಾಗಿತ್ತು.

ಎಐ ಸರಿಯಾಗಿ ಹೇಳಿತು. ಅದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಇಪ್ಪತ್ತು ಸಲ ಕೇಳಿದೆ. ಹದಿನೇಳು ಸಲ ನೂರು ಲೀಟರ್ ಅಂತು. ಮೂರು ಸಲ ಹತ್ತು ಲೀಟರ್ ಅಂತು. ಅದೇ ಧೈರ್ಯದಲ್ಲಿ, ಅದೇ ಮರ್ಯಾದೆಯ ಕನ್ನಡದಲ್ಲಿ. ಹತ್ತು ಲೀಟರಿಗೆ ಒಂದು ಕಿಲೋ ಮೈಲುತುತ್ತ ಹಾಕಿ ಹೊಡೆದರೆ ಕಾಯಿ ಗೊನೆ ಸುಟ್ಟುಹೋಗುತ್ತದೆ.

ಬಿಡುಗಡೆಗೆ ನಾಲ್ಕು ದಿನ ಇತ್ತು. ಮೀಟಿಂಗಿನಲ್ಲಿ, ಶೇಕಡಾ 85 ಸರಿ ಇದೆಯಲ್ಲ, ಕೆಳಗೆ ಒಂದು ಎಚ್ಚರಿಕೆ ಸಾಲು ಹಾಕೋಣ ಅಂದರು. ನಾನು ಸಹಿ ಹಾಕಲ್ಲ ಅಂದೆ. ಜೋರು ಮಾಡಲಿಲ್ಲ, ವಾದ ಬೆಳೆಸಲಿಲ್ಲ. ಆ ಮೂರು ಉತ್ತರಗಳನ್ನು ಪರದೆಯ ಮೇಲೆ ಹಾಕಿ, "ಇದನ್ನ ನಂಬಿ ನಮ್ಮಪ್ಪ ಹೊಡೆದರೆ ಒಂದು ವರ್ಷದ ಫಸಲು ಹೋಗುತ್ತೆ. ಹೊಡೆಯೋನು ಎಚ್ಚರಿಕೆ ಸಾಲು ಓದಲ್ಲ, ಅಳತೆ ಓದ್ತಾನೆ" ಅಂದೆ. ಒಬ್ಬರು ಮುಖ ಗಂಟು ಹಾಕಿದರು. ಕೊನೆಗೆ ಮೂರು ವಾರ ಮುಂದೆ ಹೋಯಿತು. ಔಷಧಿಯ ಪ್ರಮಾಣ ಮಾತ್ರ ಎಐ ಕೈಯಲ್ಲಿ ಬಿಡದೆ, ಪರಿಶೀಲಿಸಿದ ಪಟ್ಟಿಯಿಂದಲೇ ಬರುವ ಹಾಗೆ ಮಾಡಿದರು. ಮತ್ತೆ ಇನ್ನೂರು ಸಲ ಕೇಳಿದೆ. ಇನ್ನೂರೂ ಸರಿ ಬಂದ ಮೇಲೆ ಸಹಿ ಹಾಕಿದೆ.

ಇದರಿಂದ ಲೋಕಕ್ಕೇನೂ ಆಗಲಿಲ್ಲ, ಗೊತ್ತು. ಕೆಲವು ತೋಟ ಉಳಿದಿರಬಹುದು. ಆದರೆ ಆ ಮೀಟಿಂಗ್ ಮುಗಿಸಿ ಬಂದು ಕುರ್ಚಿಯಲ್ಲಿ ಕೂತಾಗ ಕೈ ನಡುಗುತ್ತಿರಲಿಲ್ಲ. ಒಂದೂವರೆ ವರ್ಷದಿಂದ ಎಐ ಅನ್ನುವುದು ನನಗೆ ದೂರದ ದೊಡ್ಡ ಮೋಡದ ಹಾಗಿತ್ತು. ಈಗ ಅದರ ಒಂದು ತುಂಡು ನನ್ನ ಮೇಜಿನ ಮೇಲೆ ಬಂದಿತ್ತು, ಅದರ ತಪ್ಪು ನನ್ನ ಕಣ್ಣಿಗೆ ಕಂಡಿತ್ತು, ಬೇಡ ಅಂದರೆ ನಿಂತಿತ್ತು. ಆರ್ಖಿಪೊವ್ ನೆನಪಾದರು. ಅವರ ಜೊತೆ ನನ್ನನ್ನು ಹೋಲಿಸಿಕೊಳ್ಳುತ್ತಿಲ್ಲ. ಅವರೂ ಅವತ್ತು ಲೋಕ ಉಳಿಸಲು ಅಂತ ಹೊರಟವರಾಗಿರಲಿಲ್ಲ, ತಮ್ಮ ಹಡಗಿನಲ್ಲಿ ತಮ್ಮ ಪಾಳಿಯ ಕೆಲಸ ಮಾಡುತ್ತಿದ್ದರು, ಅಷ್ಟು ಮಾತ್ರ ಹೊಳೆಯಿತು.

ಮಾರ್ಚ್ ಬಂದಾಗ ನೋಟ್‌ಬುಕ್ ತೆಗೆದೆ. ದಿನಾಂಕ ಇದ್ದ ಸಾಲುಗಳನ್ನು ಒಂದೊಂದಾಗಿ ನೋಡಿದೆ. ಕುಡಿಯಲು ನೀರಿರಲ್ಲ ಅಂದಿದ್ದೆ. ನೀರಿತ್ತು. 2024ರ ಮಳೆ ಚೆನ್ನಾಗಿ ಆಗಿತ್ತು, ಅಕ್ಟೋಬರ್‌ನಲ್ಲಿ ನಗರಕ್ಕೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತವೂ ಶುರುವಾಗಿತ್ತು, ದಿನಕ್ಕೆ 77.5 ಕೋಟಿ ಲೀಟರ್. ಕೆಲಸ ಹೋಗಿರಲಿಲ್ಲ. ಆದರೆ ನಮ್ಮ ಪಕ್ಕದ ತಂಡದಲ್ಲಿ ಮೂವರದ್ದು ಹೋಗಿತ್ತು. ಅದನ್ನು ನಾನು ಬರೆದೇ ಇರಲಿಲ್ಲ. ಅವರಲ್ಲೊಬ್ಬಳ ಜೊತೆ ಈಗ ವಾರಕ್ಕೊಮ್ಮೆ ಕೂತು ಸಂದರ್ಶನಕ್ಕೆ ತಯಾರಿ ಮಾಡಿಸುತ್ತೇನೆ. ದಿನಾಂಕ ಇಲ್ಲದ ಸಾಲುಗಳು ಹಾಗೇ ಇವೆ. "ಆಗಬಹುದು" ಅಂತ.

ಮಗುವಿನ ಮಾತು ನಮ್ಮಿಬ್ಬರ ನಡುವೆ ಮತ್ತೆ ಶುರುವಾಗಿದೆ. ಅದರ ಬಗ್ಗೆ ಇಲ್ಲಿ ಇಷ್ಟೇ ಬರೆಯುತ್ತೇನೆ.

2025ರ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಹದಿನಾರು ವರ್ಷದಲ್ಲೇ ಇಷ್ಟು ಬೇಗ ಬಂದಿರಲಿಲ್ಲ. ನಾನು ಆ ವಾರ ಊರಲ್ಲಿದ್ದೆ. ರಾತ್ರಿಯೆಲ್ಲ ಹೆಂಚಿನ ಮೇಲೆ ಹುಯ್ದಿತು. ಎರಡು ಸಲ ಎಚ್ಚರವಾಯಿತು. ಒಂದು ಸಲ ಎದ್ದು ಟಾರ್ಚ್ ಹಿಡಿದು ಹಿಂದಿನ ಬಾಗಿಲಿಗೆ ಹೋಗಿ ಗುಡ್ಡದ ಕಡೆ ನೋಡಿದೆ. ಬಸಿಗಾಲುವೆಯಲ್ಲಿ ಕೆಂಪು ನೀರು ಜೋರಾಗಿ ಇಳಿದು ಹಳ್ಳದ ಕಡೆ ಹೋಗುತ್ತಿತ್ತು. ಸ್ವಲ್ಪ ಹೊತ್ತು ನಿಂತು ನೋಡಿ ವಾಪಸ್ ಬಂದು ಮಲಗಿದೆ.

ಬೆಳಗ್ಗೆ ಅಪ್ಪ, "ಇವತ್ತು ನೀನೇ ನೋಡು" ಅಂದರು. ಕೊಡೆ ಹಿಡಿದು ಅಂಗಳಕ್ಕಿಳಿದು ಡಬ್ಬದ ಬಾಟಲಿ ತೆಗೆದೆ. ಅದರ ಕತ್ತಿನವರೆಗೆ ನೀರಿತ್ತು. ಅಳತೆ ಗಾಜಿಗೆ ಎರಡು ಸಲ ತುಂಬಿಸಿ, ಮೂರನೇ ಸಲ ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡಿದೆ.

"ಎಷ್ಟು?" ಜಗಲಿಯಿಂದ ಅಜ್ಜಿ ಕೂಗಿದರು.

"ಎರಡು ಇಂಚು ಹತ್ತು ಸೆಂಟ್ಸ್ ಅಜ್ಜಿ."

ಒಳಗೆ ಬಂದು ಕೈ ಒರೆಸಿಕೊಂಡು ಪುಸ್ತಕ ತೆಗೆದೆ. ದಿನಾಂಕ, ರೋಹಿಣಿ, 2.10. ಕೊನೆಯ ಕಾಲಂನಲ್ಲಿ ಏನು ಬರೆಯಲಿ ಅಂತ ಅಪ್ಪನನ್ನು ಕೇಳಿದೆ. ಅವರು ತೋಟದ ಕಡೆ ನೋಡುತ್ತಾ ಹೇಳಿದರು, ಹಾಗೇ ಬರೆದೆ: "ಅಡಿಕೆಗೆ ಮದ್ದು ಹೊಡೆಯಲು ಆಗಲಿಲ್ಲ. ಮಳೆ ಬಿಡಬೇಕು."